ಕಾರ್ನ್‌ವಾಲಿಸನ ಊರಿನಲ್ಲಿ ಮತದಾನ

ಕಾರ್ನ್‌ವಾಲಿಸ್ ಎಂಬ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿ ಇರಲಾರ. 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದವನು ಅವನು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನ ರಾಜ್ಯದ ಅರ್ಧವನ್ನು ಕಿತ್ತುಕೊಂಡು, ಅವನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದವನೂ ಅವನೇ. ಆ ಬಾಲಕರನ್ನು ಅವನು ಕೈನೀಡಿ ಬರಮಾಡಿಕೊಳ್ಳುವ ದೃಶ್ಯವನ್ನು ಅಂದಿನ ಆಂಗ್ಲ ಚಿತ್ರಕಾರರು ಬಗೆಬಗೆಯಾಗಿ ಬರೆದಿದ್ದಾರೆ. ಹುಡುಗನಾಗಿದ್ದಾಗ ಆ ಚಿತ್ರವನ್ನು ಪುಸ್ತಕದಲ್ಲಿ ನೋಡಿದ ನನಗೆ ಮಕ್ಕಳ ಮುಖವಲ್ಲದೆ ಬೇರೇನೂ ಕಂಡಿರಲಿಲ್ಲ. ಆ ಸೇನಾಪತಿ ಎಲ್ಲಿಂದ ಬಂದವನು, ಅವನ ಊರು ಯಾವುದು, ಅಲ್ಲಿ ಅವನ ಸ್ಥಾನಮಾನವೇನು ಎಂಬ ಪ್ರಶ್ನೆ ಹುಟ್ಟಿದ್ದು ಬಹಳ ತಡವಾಗಿ. ಅದೂ ಚುನಾವಣೆಗಳ ವಿಷಯವಾಗಿ ಓದುತ್ತಿದ್ದಾಗ.

ನಮ್ಮ ನಾಡಿನ ಪಾಲಿಗೆ ಬರಿಯ ಸೇನಾಪತಿಯಾಗಿ ಉಳಿದಿರುವ ಈ ಮನುಷ್ಯ ಒಂದು ಕಾಲಕ್ಕೆ ‘ಜನಪ್ರತಿನಿಧಿ’ಯೂ ಆಗಿದ್ದ. 1760ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಇಂಗ್ಲೆಂಡಿನ ಪೂರ್ವಭಾಗದ ಸಫೋಕ್ ಕೌಂಟಿಯಲ್ಲಿನ ‘ಐ’ ಎಂಬ ಊರಿನ ಪರವಾಗಿ ಅವನು ಪಾರ್ಲಿಮೆಂಟಿಗೆ ಆಯ್ಕೆಯಾದ. ಕನ್ನಡದಲ್ಲಿ ಒಂದೇ ಅಕ್ಷರದಲ್ಲಿ ಬರೆದು ಮುಗಿಸಬಹುದಾದ ಈ ಊರಿನ ಹೆಸರಿಗೂ ಇಂಗ್ಲಿಷಿನ ಕಣ್ಣಿಗೂ ಸಂಬಂಧವಿಲ್ಲ. ನಡುಗಡ್ಡೆ ಎಂಬ ಅರ್ಥದ ಹಳೆಯ ಇಂಗ್ಲಿಷ್ ಶಬ್ದ ಅದರ ಮೂಲ. ಸುತ್ತ ಜವುಗು ನೆಲವಿದ್ದು ನಡುವೆ ಎತ್ತರವಾಗಿ ನಿಂತ ಊರು. ಒಂದು ನಡುಗಡ್ಡೆಯ ಪ್ರತಿನಿಧಿಯಾಗಿದ್ದವನು ಮುಂದೆ ಕಾವೇರಿಯ ನಡುಗಡ್ಡೆಗೆ ಮುತ್ತಿಗೆ ಹಾಕಿದ ಎಂಬುದು ಕಾಲದ ವಿನೋದವೆನ್ನಬೇಕು. ಐ ಊರಿಗೆ ಸಮೀಪದ ಬ್ರೂಮ್ ಎಂಬಲ್ಲಿ ಕಾರ್ನ್‌ವಾಲಿಸರ ಮನೆತನದ ಮಹಲು ಇತ್ತು. ಊರಿಗೆ ಪಾರ್ಲಿಮೆಂಟಿನಲ್ಲಿ ಎರಡು ಸ್ಥಾನಗಳಿದ್ದವು. ಅವುಗಳಲ್ಲಿ ಯಾರು ಕೂರಬೇಕೆಂಬುದನ್ನು ನಿರ್ಣಯಿಸುತ್ತಿದ್ದುದು ಊರಲ್ಲ, ಮಹಲು. ಇಂಥವನ್ನು ಇಂಗ್ಲಿಷರೇ ‘ಜೇಬಿನೊಳಗಿನ ಕ್ಷೇತ್ರ’ಗಳೆಂದು ಹೀಯಾಳಿಸುತ್ತಿದ್ದರು. ಅಪ್ಪನ ಜೇಬಿನಿಂದ ಮಗ ಪಾರ್ಲಿಮೆಂಟಿಗೆ ಹೋದ. 1762ರಲ್ಲಿ ಅಪ್ಪ ತೀರಿಕೊಂಡು ತಾನೇ ಪ್ರಭುಗಳ ಸಭೆಗೆ ಏರುವವರೆಗೆ ಅಲ್ಲಿದ್ದ. ಆಗ ಅವನು ಸೇನೆಯ ಕೆಲಸದಲ್ಲಿಯೂ ಇದ್ದವನು. ತನ್ನ ಮತದಾರರ ಪೈಕಿ ಎಷ್ಟು ಮಂದಿಯ ಹೆಸರು ಅವನಿಗೆ ಗೊತ್ತಿತ್ತೋ!

ಅದೇ ಐ ಊರು ಇಂದು ಮಿಡ್ ಸಫೋಕ್ ಎಂಬ ಡಿಸ್ಟ್ರಿಕ್ಟಿಗೆ ಸೇರಿದೆ. ಡಿಸ್ಟ್ರಿಕ್ಟ್ ಎಂದೊಡನೆ ನಮ್ಮ ಜಿಲ್ಲೆಯನ್ನು ಕಲ್ಪಿಸಿಕೊಳ್ಳಬಾರದು. ನಮ್ಮ ಜಿಲ್ಲೆಗೆ ಸಮನಾದದ್ದು ಅಲ್ಲಿನ ಕೌಂಟಿ; ಡಿಸ್ಟ್ರಿಕ್ಟ್ ನಮ್ಮ ತಾಲ್ಲೂಕಿನ ಅಳತೆಯದು. ಸುಮಾರು 870 ಚದರ ಕಿಲೋಮೀಟರಿನ ಬಯಲು, ಗೋಧಿ ಬಾರ್ಲಿಗಳ ಹೊಲ, ಸ್ಟೋಮಾರ್ಕೆಟ್, ನೀಡಮ್ ಮಾರ್ಕೆಟ್ ಮತ್ತು ಐ ಎಂಬ ಮೂರು ಸಣ್ಣ ಪಟ್ಟಣಗಳು, ಅವುಗಳ ಸುತ್ತ ನೂರಕ್ಕೂ ಮಿಕ್ಕ ಹಳ್ಳಿಗಳು. 2021ರ ಜನಗಣತಿಯಂತೆ ಒಟ್ಟು ಜನಸಂಖ್ಯೆ ಒಂದು ಲಕ್ಷದ ಮೇಲೆ ಮೂರು ಸಾವಿರದಷ್ಟು. ಈ ಊರುಗಳನ್ನು ನಾನು ಕಣ್ಣಾರೆ ಕಂಡವನಲ್ಲ. ಪುಸ್ತಕಗಳಲ್ಲಿಯೂ ಭೂಪಟದಲ್ಲಿಯೂ ಸುತ್ತಿದವನು. ಆದರೆ ಕಾರ್ನ್‌ವಾಲಿಸನ ಮಹಲಿನ ಆಸುಪಾಸಿನಲ್ಲಿ 2023ರ ಮೇ 4ರಂದು ನಡೆದ ಒಂದು ಪುಟ್ಟ ಚುನಾವಣೆ ಇಂಗ್ಲೆಂಡಿನಲ್ಲೆಲ್ಲ ಸುದ್ದಿಯಾದಾಗ, ಆ ಮಹಲಿನಿಂದ ಈ ಮತಪೆಟ್ಟಿಗೆಯವರೆಗಿನ ದಾರಿ ಯಾವುದೆಂದು ತಿಳಿಯುವ ಕುತೂಹಲವುಂಟಾಯಿತು.

ದಾರಿಯ ಮೊದಲ ಭಾಗವನ್ನು ತೋರಿಸಲು ಸಾಹಿತ್ಯವೇ ಸಾಕು. ಸಫೋಕಿನ ಕಡಲ ತೀರದಲ್ಲಿ ಹುಟ್ಟಿದ ಕವಿ ಜಾರ್ಜ್ ಕ್ರ್ಯಾಬ್ 1810ರಲ್ಲಿ ಪ್ರಕಟಿಸಿದ ‘ದಿ ಬರೋ’ ಕಾವ್ಯದಲ್ಲಿ ಒಂದು ಪತ್ರವನ್ನು ಪೂರ್ತಿಯಾಗಿ ಚುನಾವಣೆಗೇ ಮೀಸಲಿಟ್ಟಿದ್ದಾನೆ. ಅದಕ್ಕಿಂತ ಪ್ರಸಿದ್ಧವಾದದ್ದು ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯ ಈಟನ್ಸ್‌ವಿಲ್ ಚುನಾವಣೆ. ಹೆಸರನ್ನು ಬಿಡಿಸಿ ಓದಿದರೆ ‘ತಿಂದು ಕುಡಿ’ ಎಂದಾಗುತ್ತದೆ! ಡಿಕನ್ಸನು 1835ರಲ್ಲಿ ಪತ್ರಿಕೆಯ ವರದಿಗಾರನಾಗಿ ಸಫೋಕಿನ ಚುನಾವಣೆಗಳನ್ನು ನೋಡಲು ಬಂದಿದ್ದ. ಅವನು ಕಂಡ ಸಡ್ಬರಿ ಎಂಬ ಪಟ್ಟಣವೇ ಈಟನ್ಸ್‌ವಿಲ್ ಆಗಿ ರೂಪಾಂತರಗೊಂಡಿತೆಂದು ಬಹುಮಂದಿ ನಂಬುತ್ತಾರೆ. ಮತದಾರರು ಎದುರಾಳಿಯ ಕೈಗೆ ಸಿಗದಂತೆ ಮೂವತ್ತಮೂರು ಮಂದಿಯನ್ನು ಹೋಟೆಲಿನ ಗಾಡಿಕೊಟ್ಟಿಗೆಯಲ್ಲಿ ಕೂಡಿ, ಮತ್ತು ಇಳಿಯದ ಹಾಗೆ ಕುಡಿಸುತ್ತಲೇ ಇರುವ ಪ್ರಸಂಗವನ್ನು ಓದಿ ನಗದವರಿಲ್ಲ. ಇನ್ನೊಂದು ಪಕ್ಷದ ಏಜೆಂಟನು ಮತದಾರರ ಹೆಂಡಿರಿಗೆ ನಲವತ್ತೈದು ಹಸಿರು ಕೊಡೆಗಳನ್ನು ಹಂಚಿ, ಅದರಿಂದ ಗಂಡಂದಿರೆಲ್ಲ ತನ್ನ ಕಡೆಗೆ ಬಂದರೆಂದು ಬೀಗುತ್ತಾನೆ. ಸೀರೆ ಕುಕ್ಕರುಗಳ ವಿದ್ಯೆಯನ್ನು ನಾವೇ ಕಂಡುಹಿಡಿದೆವೆಂದು ಜಂಬಪಡುವವರು ಆ ಅಧ್ಯಾಯವನ್ನು ಒಮ್ಮೆ ಓದಬೇಕು.

ಕಾದಂಬರಿಗಿಂತ ವಿಚಿತ್ರವಾದದ್ದು ಸಡ್ಬರಿಯ ನಿಜಚರಿತ್ರೆ. 1841ರಲ್ಲಿ ಆ ಪಟ್ಟಣದಿಂದ ಆಯ್ಕೆಯಾದವರಲ್ಲಿ ಒಬ್ಬನು ಡೈಸ್ ಸೋಂಬರ್; ಮೀರತ್ತಿನ ಬಳಿಯ ಸರ್ಧಾನಾವನ್ನಾಳಿದ ಬೇಗಂ ಸಮ್ರೂವಿನ ದತ್ತುವಾರಸುದಾರ, ಭಾರತದಲ್ಲಿ ಹುಟ್ಟಿ ಭಾರತೀಯ ರಕ್ತವನ್ನೂ ಪಡೆದವನು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಕುಳಿತ ಮೊತ್ತಮೊದಲ ಭಾರತೀಯನೆಂದು ಅವನನ್ನು ಗಣಿಸುವುದುಂಟು. ಆದರೆ ಕುಳಿತದ್ದು ಎಷ್ಟು ಕಾಲ? ಮತದಾರರಿಗೆ ಲಂಚ ಕೊಟ್ಟದ್ದು ಸಾಬೀತಾಗಿ 1842ರಲ್ಲಿಯೇ ಆ ಆಯ್ಕೆ ರದ್ದಾಯಿತು. 1844ರಲ್ಲಿ ಸಡ್ಬರಿಗೆ ಪಾರ್ಲಿಮೆಂಟಿನ ಸ್ಥಾನವೇ ಇಲ್ಲದಂತೆ ಮಾಡಿದರು. ಕೊಟ್ಟವನಿಗೆ ಮಾತ್ರವಲ್ಲ, ತೆಗೆದುಕೊಂಡ ಊರಿಗೂ ಶಿಕ್ಷೆ.

ಆದರೆ ಇದೆಲ್ಲ ಮತವಿದ್ದವರ ಕಥೆ. ಹೊಲದಲ್ಲಿ ದುಡಿಯುವವನಿಗೆ ಮತವೇ ಇರಲಿಲ್ಲ. ಕೈಯೆತ್ತಿ ಗಟ್ಟಿಯಾಗಿ ಹೆಸರು ಹೇಳಿ ಮತ ಕೊಡುವ ಪದ್ಧತಿ ಹೋಗಿ ಗುಪ್ತಮತದಾನ ಬಂದದ್ದು 1872ರಲ್ಲಿ. ಅದಾದ ಎರಡು ವರ್ಷಕ್ಕೆ, 1874ರಲ್ಲಿ, ಸಫೋಕಿನ ಎಕ್ಸ್‌ನಿಂಗ್ ಎಂಬ ಹಳ್ಳಿಯ ಕೂಲಿಗಳು ವಾರಕ್ಕೆ ಹದಿಮೂರು ಷಿಲಿಂಗ್ ಇದ್ದ ಕೂಲಿಯನ್ನು ಹದಿನಾಲ್ಕಕ್ಕೆ ಏರಿಸಬೇಕೆಂದು ಕೇಳಿದರು. ಕೇಳಿದ್ದು ಒಂದೇ ಒಂದು ಷಿಲಿಂಗ್. ಜಮೀನಿನ ಯಜಮಾನರು ಸಂಘ ಸೇರಿದವರನ್ನೆಲ್ಲ ಹೊಲದಿಂದ ಹೊರಗೆ ಹಾಕಿದರು. ಈ ಬೀಗಮುದ್ರೆ ಪೂರ್ವದ ಕೌಂಟಿಗಳಿಗೆಲ್ಲ ಹಬ್ಬಿತು. ಕೆಲವು ತಿಂಗಳ ಮೇಲೆ ಸಂಘದ ಹಣ ಕರಗಿ ಕೂಲಿಗಳು ಸೋತರು. ಹತ್ತು ವರ್ಷದ ಅನಂತರ, 1884ರ ಶಾಸನದಿಂದ, ಅವರಲ್ಲಿ ಬಹುಮಂದಿಗೆ ಪಾರ್ಲಿಮೆಂಟಿನ ಮತ ದೊರೆಯಿತು. ಇನ್ನೂ ಹತ್ತು ವರ್ಷಕ್ಕೆ, 1894ರಲ್ಲಿ, ಪ್ಯಾರಿಷ್ ಕೌನ್ಸಿಲುಗಳೂ ಗ್ರಾಮಾಂತರ ಡಿಸ್ಟ್ರಿಕ್ಟ್ ಕೌನ್ಸಿಲುಗಳೂ ಹುಟ್ಟಿದವು.

ಇತಿಹಾಸದ ಪುಸ್ತಕಗಳು ಈ 1894ರ ಶಾಸನವನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ನನಗೆ ತೋರುವ ಮಟ್ಟಿಗೆ ಇಂಗ್ಲೆಂಡಿನ ಹಳ್ಳಿಯ ಪಾಲಿಗೆ ಅದು 1832ರ ಸುಧಾರಣೆಗಿಂತ ದೊಡ್ಡದು. ಅಲ್ಲಿಯವರೆಗೆ ಹಳ್ಳಿಯ ವ್ಯವಹಾರವೆಲ್ಲ ಚರ್ಚಿನ ಪಾದ್ರಿಯ ಅಧ್ಯಕ್ಷತೆಯಲ್ಲಿ, ತೆರಿಗೆ ಕೊಡುವ ದೊಡ್ಡವರ ಕೂಟದಲ್ಲಿ ನಡೆಯುತ್ತಿತ್ತು. ಈಗ ಜಮೀನುದಾರ, ಪಾದ್ರಿ, ಕಮ್ಮಾರ, ಕೂಲಿ ಎಲ್ಲರೂ ಒಂದು ಮೇಜಿನ ಸುತ್ತ ಕೂರಬಹುದಾಯಿತು. ಪಾರ್ಲಿಮೆಂಟಿಗೆ ಮತ ಕೊಡುವ ಹಕ್ಕು ಹೆಂಗಸರಿಗೆ ಬಂದದ್ದು 1918ರಲ್ಲಿ, ಅದೂ ಮೂವತ್ತು ತುಂಬಿದವರಲ್ಲಿ ಕೆಲವರಿಗೆ. ಆದರೆ 1894ರಲ್ಲಿಯೇ ಗ್ರಾಮದ ಕೌನ್ಸಿಲುಗಳಿಗೆ ಮತ ಕೊಡುವ, ಅಲ್ಲಿಗೆ ಆಯ್ಕೆಯಾಗುವ ಹಕ್ಕು ವಿವಾಹಿತೆಯರಾದಿಯಾಗಿ ಹೆಂಗಸರಿಗೆ ದೊರೆತಿತ್ತು. ರಾಜ್ಯವನ್ನು ನಂಬಿ ಕೊಡಲು ಹೆದರಿದವರು ಸ್ಮಶಾನ, ಬಾವಿ, ಕಾಲುದಾರಿಗಳನ್ನು ನಂಬಿ ಕೊಟ್ಟರು.

ಹಾಗೆಂದು ಅಂದಿನಿಂದಲೇ ರಾಮರಾಜ್ಯವಾಯಿತೆಂದು ತಿಳಿಯಬೇಕಾಗಿಲ್ಲ. ಪ್ಯಾರಿಷ್ ಕೌನ್ಸಿಲಿನ ಆಯ್ಕೆ ಬಹುಕಾಲ, ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ, ಸಭೆಯಲ್ಲಿ ಕೈಯೆತ್ತುವ ಮೂಲಕವೇ ನಡೆಯುತ್ತಿತ್ತು. ಯಾರಾದರೂ ಒತ್ತಾಯಿಸಿದರೆ ಮಾತ್ರ ಚೀಟಿಯ ಮತದಾನ. ಕೂಲಿಯವನು ವಾಸಿಸುತ್ತಿದ್ದುದು ಯಜಮಾನನು ಕೆಲಸದೊಂದಿಗೆ ಕೊಟ್ಟ ಮನೆಯಲ್ಲಿ. ಕೆಲಸ ಹೋದರೆ ಸೂರೂ ಹೋಯಿತು. ಆ ಯಜಮಾನನೇ ಮುಂದಿನ ಬೆಂಚಿನಲ್ಲಿ ಉಮೇದುವಾರನಾಗಿ ಕುಳಿತು ಹಿಂದಿರುಗಿ ನೋಡುತ್ತಿರುವಾಗ ಎದುರಾಳಿಯ ಹೆಸರಿಗೆ ಕೈಯೆತ್ತುವುದೆಂದರೆ ಏನು? ಹೆಂಡತಿ ಮಕ್ಕಳನ್ನೂ ಪಾತ್ರೆಪಗಡಿಯನ್ನೂ ಬೀದಿಯಲ್ಲಿ ಕಲ್ಪಿಸಿಕೊಂಡೇ ಕೈಯೆತ್ತಬೇಕು. ಮತದಾನವನ್ನು ನಾವು ಸುಲಭದ ಕೆಲಸವೆಂದು ಭಾವಿಸುತ್ತೇವೆ. ಗೋಡೆಯ ಕಡೆಗೆ ತಿರುಗಿ ಗುಟ್ಟಾಗಿ ಗುರುತು ಹಾಕುವ ಅವಕಾಶ ಬಂದಮೇಲೆ ಮಾತ್ರ ಅದು ಸುಲಭವಾಯಿತು.

ಈಗಿನ ಮಿಡ್ ಸಫೋಕ್ ಡಿಸ್ಟ್ರಿಕ್ಟ್ 1974ರ ಏಪ್ರಿಲ್ 1ರಂದು ಹುಟ್ಟಿತು. ಮೂರು ಗ್ರಾಮಾಂತರ ಡಿಸ್ಟ್ರಿಕ್ಟುಗಳು, ಸ್ಟೋಮಾರ್ಕೆಟ್ ಪಟ್ಟಣ, ಐ ಊರಿನ ಪುರಾತನ ಬರೋ ಇವೆಲ್ಲ ಅದರಲ್ಲಿ ಲೀನವಾದವು. ಐ ಊರು ಬರೋ ಆದದ್ದು 1205ರಲ್ಲಿ, ಜಾನ್ ದೊರೆಯ ಸನ್ನದಿನಿಂದ. ಕೆಂಟ್ ಕೌಂಟಿಯ ಹೈದ್ ಎಂಬ ಊರಿಗೆ ಹೋಗಬೇಕಾಗಿದ್ದ ಸನ್ನದು ಹೆಸರಿನ ಗೊಂದಲದಿಂದ ಐ ಊರಿಗೆ ಬಂದಿತೆಂದು ಹೇಳುವುದುಂಟು. ನಿಜವಾಗಿದ್ದರೆ, ಗುಮಾಸ್ತನೊಬ್ಬನ ಕೈತಪ್ಪು ಏಳುನೂರೈವತ್ತು ವರ್ಷಕ್ಕೂ ಮಿಕ್ಕು ಬಾಳಿತೆನ್ನಬೇಕು. ನಮ್ಮ ಕಚೇರಿಗಳ ತಪ್ಪುಗಳಿಗೆ ಇಷ್ಟು ಆಯುಸ್ಸಿಲ್ಲ.

ಈ ಡಿಸ್ಟ್ರಿಕ್ಟ್ ಕೌನ್ಸಿಲಿನ ಕೆಲಸವೇನು? ಶಾಲೆ, ರಸ್ತೆ, ಪುಸ್ತಕ ಭಂಡಾರ, ವೃದ್ಧರ ಆರೈಕೆ ಇವು ಕೌಂಟಿಗೆ ಸೇರಿದವು. ಆಟದ ಬಯಲು, ಸ್ಮಶಾನ, ಬಸ್ಸು ಕಾಯುವವರ ಬೆಂಚು ಮೊದಲಾದವು ಪ್ಯಾರಿಷಿನವು. ನಡುವೆ ಕುಳಿತ ಡಿಸ್ಟ್ರಿಕ್ಟಿನದು ಮನೆಮನೆಯ ಕಸ ತೆಗೆಸುವುದು, ಬಡವರಿಗೆ ಬಾಡಿಗೆ ಮನೆ ಒದಗಿಸುವುದು, ತೆರಿಗೆ ವಸೂಲು ಮಾಡುವುದು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಹೊಲದಲ್ಲಿ ಮನೆ ಕಟ್ಟಬಹುದು, ಯಾವುದರಲ್ಲಿ ಕೂಡದು ಎಂದು ತೀರ್ಮಾನಿಸುವುದು. ಕಸವೂ ಮನೆಯ ನಕ್ಷೆಯೂ ಕಾವ್ಯದ ವಸ್ತುಗಳಲ್ಲ, ನಿಜ. ಆದರೆ ಮುನ್ನೂರು ಮನೆಗಳ ಹಳ್ಳಿಯ ಪಕ್ಕದ ಹೊಲದಲ್ಲಿ ಇನ್ನೂರು ಹೊಸ ಮನೆಗಳು ಏಳುತ್ತವೆಂದಾದರೆ ಆ ಹಳ್ಳಿ ಅದೇ ಹಳ್ಳಿಯಾಗಿ ಉಳಿಯುತ್ತದೆಯೆ? ಏಳದೆಹೋದರೆ ಅಲ್ಲಿ ಹುಟ್ಟಿ ಬೆಳೆದ ಹುಡುಗನು ಮದುವೆಯಾಗಿ ಸಂಸಾರ ಹೂಡುವುದೆಲ್ಲಿ? ಎರಡು ಕಡೆಯೂ ನ್ಯಾಯವಿದೆ. ಈ ಒಂದು ಪ್ರಶ್ನೆಯ ಮೇಲೆ ಆಗ್ನೇಯ ಇಂಗ್ಲೆಂಡಿನ ಎಷ್ಟೋ ಕೌನ್ಸಿಲುಗಳು ಉರುಳಿವೆ. ಸಫೋಕಿನ ನೆರೆಯ ಎಸೆಕ್ಸ್ ಕೌಂಟಿಯ ಅಟಲ್ಸ್‌ಫರ್ಡ್ ಎಂಬಲ್ಲಿ 2019ರಲ್ಲಿ ಊರ ನಿವಾಸಿಗಳೇ ಕಟ್ಟಿಕೊಂಡ ಒಂದು ಪಕ್ಷ 39 ಸ್ಥಾನಗಳಲ್ಲಿ 26ನ್ನು ಗೆದ್ದು, ದೇಶದ ದೊಡ್ಡ ಪಕ್ಷಗಳನ್ನು ಮೂಲೆಗೆ ಕೂರಿಸಿತು.

ಚುನಾವಣೆಗೆ ನಿಲ್ಲುವುದು ಅಲ್ಲಿ ಬಹಳ ಅಗ್ಗ. ಠೇವಣಿಯಿಲ್ಲ. ನಾಮಪತ್ರಕ್ಕೆ ವಾರ್ಡಿನ ಇಬ್ಬರು ಮತದಾರರ ಸಹಿ ಸಾಕು. 2023ರಲ್ಲಿ ಉಮೇದುವಾರನೊಬ್ಬನು ಮಾಡಬಹುದಾಗಿದ್ದ ಒಟ್ಟು ಖರ್ಚು 806 ಪೌಂಡು, ಅದರ ಮೇಲೆ ಮತದಾರನೊಬ್ಬನಿಗೆ 7 ಪೆನ್ಸಿನ ಲೆಕ್ಕ. ಈ ಹಣದಲ್ಲಿ ಗಾಡಿಕೊಟ್ಟಿಗೆಯ ತುಂಬ ಜನರನ್ನು ಕುಡಿಸುವುದು ಹಾಗಿರಲಿ, ಕರಪತ್ರ ಅಚ್ಚುಮಾಡಿಸಿದರೆ ಮುಗಿಯಿತು. ಉಳಿದದ್ದಕ್ಕೆ ಕಾಲುಗಳೇ ಬಂಡವಾಳ. ಮಿಡ್ ಸಫೋಕಿನಲ್ಲಿ 34 ಸದಸ್ಯರು. ತಲೆಗೆ ಮೂರು ಸಾವಿರ ಜನರ ಲೆಕ್ಕ. ಒಂದು ವಸಂತಕಾಲದಲ್ಲಿ ಸಂಜೆಸಂಜೆ ನಡೆದರೆ ಅಷ್ಟು ಮನೆಗಳ ಬಾಗಿಲನ್ನೂ ತಟ್ಟಬಹುದು. ತಟ್ಟಿದ ಬಾಗಿಲನ್ನು ತೆರೆದವನು ಪಕ್ಷದ ಸಿದ್ಧಾಂತವನ್ನು ಕೇಳುವುದಿಲ್ಲ. ಎರಡು ವಾರದಿಂದ ಒಯ್ಯದ ಕಸದ ಡಬ್ಬವನ್ನು ತೋರಿಸುತ್ತಾನೆ.

ಮತದಾನ ಬೆಳಗಿನ ಏಳು ಗಂಟೆಯಿಂದ ರಾತ್ರಿಯ ಹತ್ತರವರೆಗೆ. ಊರಿನ ಸಮುದಾಯ ಭವನವೋ ಶಾಲೆಯೋ ಚರ್ಚಿನ ಕೊಠಡಿಯೋ ಮತಗಟ್ಟೆಯಾಗುತ್ತದೆ. ಯಂತ್ರವಿಲ್ಲ, ಬೆರಳಿಗೆ ಮಸಿಯಿಲ್ಲ. ಒಂದು ಕಾಗದ, ಒಂದು ಸೀಸದಕಡ್ಡಿ, ಒಂದು ಗುಣಿಸುವ ಗುರುತು. ಮತದಾರನು ಗುರುತಿನ ಚೀಟಿಯನ್ನು ತೋರಿಸಬೇಕೆಂಬ ನಿಯಮ ಇಂಗ್ಲೆಂಡಿನ ಸ್ಥಳೀಯ ಚುನಾವಣೆಗಳಿಗೆ ಬಂದದ್ದೇ 2023ರ ಆ ಮೇ ತಿಂಗಳಲ್ಲಿ. ಅದುವರೆಗೆ ಹೆಸರನ್ನೂ ವಿಳಾಸವನ್ನೂ ಹೇಳಿದರೆ ಸಾಕಾಗುತ್ತಿತ್ತು. ಒಂದೊಂದು ಊರಿನಲ್ಲಿ ಮತಗಟ್ಟೆಯ ಗುಮಾಸ್ತೆಗೆ ಎದುರಿಗೆ ನಿಂತವನ ಮೂರು ತಲೆಮಾರು ಗೊತ್ತಿದ್ದರೂ ಅವನ ಭಾವಚಿತ್ರವನ್ನು ನೋಡಿಯೇ ಕಾಗದ ಕೊಡಬೇಕಾಯಿತೆಂದು ಊಹಿಸಿಕೊಂಡರೆ ನಗು ಬರುತ್ತದೆ. ಎಣಿಕೆ ಕೈಯಿಂದಲೇ. ಸಂದೇಹದ ಕಾಗದವನ್ನು ಎಲ್ಲ ಉಮೇದುವಾರರಿಗೂ ತೋರಿಸಿ ತೀರ್ಮಾನಿಸುತ್ತಾರೆ. ಮತಗಳು ಸರಿಸಮವಾದರೆ ಅದೃಷ್ಟಪರೀಕ್ಷೆ. 2017ರಲ್ಲಿ ಉತ್ತರದ ನಾರ್ಥಂಬರ್ಲೆಂಡ್ ಕೌಂಟಿಯಲ್ಲಿ ಹೀಗಾಗಿ ಇಬ್ಬರು ಕಡ್ಡಿ ಎತ್ತಬೇಕಾಯಿತು. ಕನ್ಸರ್ವೇಟಿವ್ ಉಮೇದುವಾರನಿಗೆ ಸಿಕ್ಕಿದ್ದು ಗಿಡ್ಡ ಕಡ್ಡಿ. ಅಷ್ಟರಿಂದಲೇ ಆ ಪಕ್ಷ 67 ಸ್ಥಾನಗಳಲ್ಲಿ 33ಕ್ಕೆ ನಿಂತು ಬಹುಮತವನ್ನು ಕಳೆದುಕೊಂಡಿತು. ಒಬ್ಬನ ಮತದಿಂದ ಏನಾದೀತೆಂದು ಮನೆಯಲ್ಲಿ ಉಳಿದ ಯಾರೋ ಒಬ್ಬರು ಆ ರಾತ್ರಿ ನಿದ್ದೆ ಮಾಡಿರಲಾರರು.

2023ರ ಮೇ 4ಕ್ಕೆ ಬರೋಣ. ಎರಡು ದಿನಕ್ಕೆ ಮೂರನೆಯ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕ. ದೇಶವೆಲ್ಲ ಕಿರೀಟದ ಸಂಭ್ರಮದಲ್ಲಿದ್ದಾಗ ಹಳ್ಳಿಗರು ಸೀಸದಕಡ್ಡಿ ಹಿಡಿದು ತಮ್ಮ ಕಸದ ಡಬ್ಬದ ಭವಿಷ್ಯವನ್ನು ಬರೆದರು. ಮಿಡ್ ಸಫೋಕ್ ಬಹುಕಾಲದಿಂದ ಕನ್ಸರ್ವೇಟಿವರ ನೆಲ. 2019ರಲ್ಲಿ ಅಲ್ಲಿ ಗ್ರೀನ್ ಪಕ್ಷದವರು 12 ಸ್ಥಾನ ಪಡೆದಾಗಲೇ ಬಿರುಕು ಕಂಡಿತ್ತು. ಈ ಸಲ 34ರಲ್ಲಿ 24 ಸ್ಥಾನಗಳು ಅವರ ಪಾಲಾದವು. ಕನ್ಸರ್ವೇಟಿವರಿಗೆ 6, ಲಿಬರಲ್ ಡೆಮಾಕ್ರಾಟರಿಗೆ 4. ಇಂಗ್ಲೆಂಡಿನಲ್ಲಿ ಒಂದು ಕೌನ್ಸಿಲನ್ನು ಗ್ರೀನ್ ಪಕ್ಷ ಸ್ವಂತ ಬಹುಮತದಿಂದ ಹಿಡಿದದ್ದು ಅದೇ ಮೊದಲು. ಅದೂ ವಿಶ್ವವಿದ್ಯಾಲಯವಿರುವ ನಗರದಲ್ಲಲ್ಲ, ಗೋಧಿಯ ಹೊಲಗಳ ನಡುವೆ!

ಈ ಡಿಸ್ಟ್ರಿಕ್ಟಿನಲ್ಲಿ ವುಲ್ಪಿಟ್ ಎಂಬ ಹಳ್ಳಿಯಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ತೋಳ ಹಿಡಿಯುವ ಗುಂಡಿಯ ಬಳಿ ಮೈಯೆಲ್ಲ ಹಸಿರಾಗಿದ್ದ ಇಬ್ಬರು ಮಕ್ಕಳು, ಅಕ್ಕ ತಮ್ಮ, ಸಿಕ್ಕಿದರೆಂದು ಇಬ್ಬರು ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಅವರ ಭಾಷೆ ಯಾರಿಗೂ ತಿಳಿಯದು. ಹಸಿ ಅವರೆಯಂಥ ಕಾಳನ್ನು ಬಿಟ್ಟು ಬೇರೇನನ್ನೂ ತಿನ್ನರು. ಹುಡುಗ ಬೇಗ ತೀರಿಕೊಂಡ. ಹುಡುಗಿ ಊರಿನ ಊಟ ಉಂಡು ಊರಿನ ಮಾತು ಕಲಿತಂತೆ ಅವಳ ಮೈಯ ಹಸಿರು ಅಳಿಯಿತಂತೆ. ಹಸಿರು ಪಕ್ಷ ಗೆದ್ದಾಗ ಈ ಕಥೆಯನ್ನು ನೆನೆಯದಿರುವುದು ಸಾಹಿತ್ಯದ ಮೇಷ್ಟರಿಗೆ ಸಾಧ್ಯವೆ? ಅಧಿಕಾರದ ಊಟ ಉಂಡ ಮೇಲೆ ಇವರ ಬಣ್ಣ ಎಷ್ಟು ದಿನ ಉಳಿಯುತ್ತದೋ ಎಂದು ಕುಹಕ ಮಾಡುವವರೂ ಇರಬಹುದು.

ಆದರೆ ಅಲ್ಲಿನ ಹಸಿರು ಆಕಾಶದಿಂದ ಇಳಿದದ್ದಲ್ಲ. ವುಲ್ಪಿಟ್ಟಿಗೆ ದೂರವಲ್ಲದ ಹಾಲೀ ಎಂಬ ಹಳ್ಳಿಯಲ್ಲಿ ಲೇಡಿ ಈವ್ ಬಾಲ್ಫರ್ ಎಂಬ ರೈತ ಮಹಿಳೆ 1939ರಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದಳು: ಪಕ್ಕಪಕ್ಕದ ಹೊಲಗಳಲ್ಲಿ ಒಂದಕ್ಕೆ ರಾಸಾಯನಿಕ ಗೊಬ್ಬರ, ಇನ್ನೊಂದಕ್ಕೆ ಬರಿಯ ಕೊಟ್ಟಿಗೆ ಗೊಬ್ಬರ ಮತ್ತು ಕಾಂಪೋಸ್ಟ್, ಮಣ್ಣು ಏನು ಹೇಳುತ್ತದೆಂದು ವರ್ಷಗಟ್ಟಲೆ ಕಾದು ನೋಡುವುದು. 1943ರಲ್ಲಿ ‘ದಿ ಲಿವಿಂಗ್ ಸಾಯಿಲ್’ ಎಂಬ ಅವಳ ಪುಸ್ತಕ ಬಂತು. 1946ರಲ್ಲಿ ಸಾಯಿಲ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಅವಳಿಗೆ ಪ್ರೇರಣೆ ಕೊಟ್ಟವರಲ್ಲಿ ಮುಖ್ಯನು ಸರ್ ಆಲ್ಬರ್ಟ್ ಹವರ್ಡ್. ಅವನು ಗೊಬ್ಬರದ ವಿದ್ಯೆಯನ್ನು ರೂಪಿಸಿದ್ದು ನಮ್ಮ ಇಂದೋರಿನಲ್ಲಿ. ಭಾರತದ ರೈತರೇ ತನ್ನ ಗುರುಗಳೆಂದು ಒಪ್ಪಿಕೊಂಡವನು. ಕಾರ್ನ್‌ವಾಲಿಸನ ನೆರೆಹೊರೆಗೆ ನಮ್ಮ ತಿಪ್ಪೆಗುಂಡಿಯ ಜ್ಞಾನ ಹೀಗೆ ಹೋಗಿ ಸೇರಿತ್ತು. ಆ ಪುಸ್ತಕದಿಂದಲೇ ಮತ ಬಿತ್ತೆಂದು ನಾನು ಹೇಳುತ್ತಿಲ್ಲ. ಅಧಿಕಾರದಲ್ಲಿದ್ದ ಸರ್ಕಾರದ ಮೇಲೆ ಆ ವರ್ಷ ದೇಶಕ್ಕೆಲ್ಲ ಬೇಸರವಿತ್ತು, ಬಡಾವಣೆಗಳ ಜಗಳವಿತ್ತು, ಒಂದೊಂದು ವಾರ್ಡನ್ನು ಆರಿಸಿಕೊಂಡು ಚುನಾವಣೆಯಿಲ್ಲದ ವರ್ಷಗಳಲ್ಲಿಯೂ ಬಾಗಿಲು ತಟ್ಟುತ್ತ ಬಂದವರ ತಾಳ್ಮೆಯೂ ಇತ್ತು. ಮರುವರ್ಷ, 2024ರ ಜುಲೈಯಲ್ಲಿ, ಐ ಊರನ್ನೊಳಗೊಂಡ ವೇವನಿ ವ್ಯಾಲಿ ಕ್ಷೇತ್ರದಿಂದ ಗ್ರೀನ್ ಪಕ್ಷದ ಏಡ್ರಿಯನ್ ರ‍್ಯಾಮ್‌ಸೆ ಪಾರ್ಲಿಮೆಂಟಿಗೆ ಆಯ್ಕೆಯಾದರು. ಕಾರ್ನ್‌ವಾಲಿಸರ ಜೇಬು ಹರಿದು ಎಷ್ಟೋ ಕಾಲವಾಗಿತ್ತು. ಅದನ್ನು ಊರು ಮತ್ತೊಮ್ಮೆ ತೋರಿಸಿತು.

ಗೆದ್ದವರ ಕೈಯಲ್ಲಿ ಇರುವುದೆಷ್ಟು? ಇದು ಕಹಿಯಾದ ಮಾತು. ಸಮುದ್ರದ ಗಾಳಿಯಿಂದ ತೆಗೆದ ವಿದ್ಯುತ್ತನ್ನು ನಾರಿಚ್ಚಿನಿಂದ ಟಿಲ್ಬರಿಗೆ ಒಯ್ಯುವ ಎತ್ತರದ ಕಂಬಗಳ ಸಾಲು ಈ ಡಿಸ್ಟ್ರಿಕ್ಟಿನ ಹೊಲಗಳ ಮೇಲೆ ಹಾಯಬೇಕೆಂದು 2022ರಲ್ಲಿ ಯೋಜನೆ ಹೊರಬಿತ್ತು. ಹಳ್ಳಿಗಳು ವಿರೋಧಿಸಿದವು, ಕೌನ್ಸಿಲೂ ಆಕ್ಷೇಪಿಸಿತು. ಗಾಳಿಯ ವಿದ್ಯುತ್ತು ಬೇಕೆನ್ನುವ ಪಕ್ಷವೇ ಆ ವಿದ್ಯುತ್ತನ್ನು ಸಾಗಿಸುವ ಕಂಬ ಬೇಡವೆನ್ನುವ ಇಕ್ಕಟ್ಟನ್ನು ಎದುರಾಳಿಗಳು ಎತ್ತಿ ಆಡದೆ ಬಿಡಲಿಲ್ಲ. ಏನಿದ್ದರೂ ಅಷ್ಟು ದೊಡ್ಡ ಯೋಜನೆಯ ತೀರ್ಮಾನ ಲಂಡನ್ನಿನ ಮಂತ್ರಿಯದು. ಕೌನ್ಸಿಲಿನದು ಮನವಿ ಮಾತ್ರ. ಹಣವೂ ಹಾಗೆಯೇ: ಬಹುಪಾಲು ಮೇಲಿನಿಂದ ಗೊತ್ತುಮಾಡಿದ್ದು. ಕೌನ್ಸಿಲಿನ ಕಚೇರಿ ಕೂಡ ಡಿಸ್ಟ್ರಿಕ್ಟಿನೊಳಗಿಲ್ಲ. ಖರ್ಚು ಉಳಿಸುವುದಕ್ಕಾಗಿ 2017ರಲ್ಲಿ ಅದನ್ನು ನೀಡಮ್ ಮಾರ್ಕೆಟ್ಟಿನಿಂದ ಎತ್ತಿ, ಗಡಿಯಾಚೆಯ ಇಪ್ಸ್‌ವಿಚ್ ನಗರದ ಕಟ್ಟಡವೊಂದಕ್ಕೆ ಒಯ್ದರು. ಸ್ಥಳೀಯ ಚುನಾವಣೆಗಳಲ್ಲಿ ಮೂವರಲ್ಲಿ ಒಬ್ಬನೇ ಮತಗಟ್ಟೆಗೆ ಬರುವುದು ಇಂಗ್ಲೆಂಡಿನಲ್ಲಿ ಅಪರೂಪವಲ್ಲ ಎಂದರೆ ಆಶ್ಚರ್ಯಪಡಬೇಕಾಗಿಲ್ಲ. ಆ ಒಂದು ಷಿಲಿಂಗಿಗಾಗಿ ಬೀದಿಪಾಲಾದವರ ಮರಿಮಕ್ಕಳು, ಮಳೆ ಬಂದರೆ ಮನೆಯಲ್ಲಿಯೇ ಉಳಿಯುತ್ತಾರೆ.

ರಾನಲ್ಡ್ ಬ್ಲೈದ್ ಎಂಬ ಲೇಖಕ 1969ರಲ್ಲಿ ‘ಏಕನ್‌ಫೀಲ್ಡ್’ ಎಂಬ ಪುಸ್ತಕ ಬರೆದ. ಹೆಸರು ಕಲ್ಪಿತ, ಹಳ್ಳಿ ಮಾತ್ರ ಸಫೋಕಿನದೇ. ಉಳುವವನು, ಕಮ್ಮಾರ, ಶಾಲೆಯ ಉಪಾಧ್ಯಾಯ, ಗೋರಿ ತೋಡುವವನು ತಮ್ಮ ತಮ್ಮ ಬಾಳನ್ನು ತಾವೇ ಹೇಳಿಕೊಳ್ಳುತ್ತಾರೆ. ಕುದುರೆಯ ನೇಗಿಲಿನ ಕಾಲವನ್ನು ಕಂಡ ಮುದುಕರ ಮಾತಿನಲ್ಲಿ ಮತ್ತೆ ಮತ್ತೆ ಕೇಳಿಬರುವುದು ಯಜಮಾನನ ಭಯ. ಬ್ಲೈದ್ ನೂರು ವರ್ಷ ತುಂಬಿದವನಾಗಿ 2023ರ ಜನವರಿಯಲ್ಲಿ ತೀರಿಕೊಂಡ; ನಾಲ್ಕು ತಿಂಗಳ ಮೇಲೆ ಈ ಚುನಾವಣೆ. ಅವನು ಇದ್ದಿದ್ದರೆ ಏನೆನ್ನುತ್ತಿದ್ದನೋ ತಿಳಿಯದು. ಆದರೆ ಅವನ ಪುಸ್ತಕವನ್ನು ಓದಿದವನಿಗೆ ಒಂದಂತೂ ಹೊಳೆಯುತ್ತದೆ. ಈ ಕೌನ್ಸಿಲಿನ ಅಧಿಕಾರ ಸಣ್ಣದು, ನಿಜ. ಆದರೆ ಅದನ್ನು ಹಿಡಿದವನನ್ನು ಬಜಾರಿನಲ್ಲಿ ತಡೆದು ನಿಲ್ಲಿಸಿ ಕೇಳಬಹುದು. ದೊಡ್ಡ ಅಧಿಕಾರವನ್ನು ಹಾಗೆ ಕೇಳಲಾಗದು. ಭಯ ಹೋದದ್ದು ಶಾಸನದಿಂದ ಎಷ್ಟೋ, ಈ ಕೇಳುವ ಅಭ್ಯಾಸದಿಂದಲೂ ಅಷ್ಟೇ.

ಈಗ ಆ ಬಜಾರಿನ ಅಳತೆಯೇ ಬದಲಾಗಲಿದೆ. ಕೌಂಟಿ, ಡಿಸ್ಟ್ರಿಕ್ಟ್ ಎಂಬ ಎರಡು ಅಂತಸ್ತುಗಳು ದುಂದುಗಾರಿಕೆಯೆಂದೂ, ಐದು ಲಕ್ಷ ಜನಸಂಖ್ಯೆಯ ಅಥವಾ ಅದಕ್ಕೂ ದೊಡ್ಡದಾದ ಏಕಾಂಗ ಕೌನ್ಸಿಲುಗಳು ಸಾಕೆಂದೂ ಬ್ರಿಟಿಷ್ ಸರ್ಕಾರ 2024ರ ಡಿಸೆಂಬರಿನಲ್ಲಿ ತನ್ನ ನೀತಿಯನ್ನು ಪ್ರಕಟಿಸಿತು. ಸಫೋಕಿನಲ್ಲಿ 2025ರ ಮೇ ತಿಂಗಳಲ್ಲಿ ನಡೆಯಬೇಕಾಗಿದ್ದ ಕೌಂಟಿ ಚುನಾವಣೆಯನ್ನು ಈ ಕಾರಣಕ್ಕೆ ಮುಂದೂಡಿದರು. ಇಡೀ ಸಫೋಕಿಗೆ ಒಂದೇ ಕೌನ್ಸಿಲು ಇರಲೆಂದು ಕೌಂಟಿಯವರು ವಾದಿಸಿದರು. ಮೂರಾದರೂ ಇರಲೆಂದು ಡಿಸ್ಟ್ರಿಕ್ಟಿನವರು. ಯಾವ ವಾದ ಗೆದ್ದರೂ ಡಿಸ್ಟ್ರಿಕ್ಟುಗಳಿಗೆ ಅದರಲ್ಲಿ ಸ್ಥಾನವಿಲ್ಲ. ಯೋಜನೆ ಹಾಕಿದಂತೆಯೇ ನಡೆದರೆ ಮಿಡ್ ಸಫೋಕಿನ 2023ರ ಚುನಾವಣೆಯೇ ಅದರ ಕಟ್ಟಕಡೆಯದಾಗಬಹುದು. ಉಳಿತಾಯದ ಲೆಕ್ಕವನ್ನು ನಾನು ಅಲ್ಲಗಳೆಯಲಾರೆ. ಲೆಕ್ಕ ನನ್ನ ವಿಷಯವಲ್ಲ. ಕಸ ಯಾರದು, ರಸ್ತೆ ಯಾರದು ಎಂದು ತಿಳಿಯದೆ ಎರಡು ಕಚೇರಿಗಳ ನಡುವೆ ಅಲೆಯುವ ಜನಕ್ಕೆ ಒಂದೇ ಬಾಗಿಲು ಅನುಕೂಲವೂ ಹೌದು. ಆದರೆ ಆ ಬಾಗಿಲು ಎಷ್ಟು ದೂರದಲ್ಲಿದೆ, ಅದನ್ನು ತಟ್ಟಿದಾಗ ಹೊರಗೆ ಬರುವವನಿಗೆ ತಟ್ಟಿದವನ ಗುರುತು ಹತ್ತುತ್ತದೆಯೆ ಎಂಬುದು ಲೆಕ್ಕದ ಪುಸ್ತಕದಲ್ಲಿ ಬರೆಯುವ ಅಂಶವಲ್ಲ.

ಪ್ಯಾರಿಷ್ ಕೌನ್ಸಿಲುಗಳನ್ನು ಯಾರೂ ಮುಟ್ಟಿಲ್ಲ. ಜೆ. ಕೆ. ರೌಲಿಂಗ್ 2012ರಲ್ಲಿ ದೊಡ್ಡವರಿಗಾಗಿ ಬರೆದ ಮೊದಲ ಕಾದಂಬರಿಗೆ ಇಂಥದೊಂದು ಕೌನ್ಸಿಲಿನ ತೆರವಾದ ಸ್ಥಾನವೇ ವಸ್ತು: ಸದಸ್ಯನೊಬ್ಬನು ಹಠಾತ್ತನೆ ಸಾಯುತ್ತಾನೆ, ಖಾಲಿ ಕುರ್ಚಿಗಾಗಿ ಊರು ಕಚ್ಚಾಡುತ್ತದೆ. ‘ದಿ ಕ್ಯಾಷುಯಲ್ ವೇಕೆನ್ಸಿ’ ಎಂಬ ಅದರ ಹೆಸರು ಕಾನೂನಿನ ಮಾತು. ಅವಧಿಯ ನಡುವೆ ತೆರವಾಗುವ ಸ್ಥಾನಕ್ಕೆ ಅಲ್ಲಿ ಹಾಗೆನ್ನುತ್ತಾರೆ. ನಿಜವಾದ ಹಳ್ಳಿಗಳಲ್ಲಿ ಕಚ್ಚಾಟಕ್ಕಿಂತ ಸಾಮಾನ್ಯವಾದದ್ದು ಮೌನ. ಎಷ್ಟೋ ಕಡೆ ಸ್ಥಾನಗಳಿರುವಷ್ಟು ಉಮೇದುವಾರರೂ ದೊರೆಯುವುದಿಲ್ಲ. ಇರುವ ಸದಸ್ಯರೇ ಯಾರನ್ನಾದರೂ ಕರೆದು ಕೂರಿಸಿಕೊಳ್ಳುತ್ತಾರೆ. ಆದರೂ ಹಾಗೆ ಕರೆಯುವುದಕ್ಕೆ ಮೊದಲು ಕಾನೂನು ಒಂದು ಕ್ರಮವನ್ನು ವಿಧಿಸಿದೆ. ಸ್ಥಾನ ಖಾಲಿಯಾಗಿದೆಯೆಂಬ ಒಂದು ಹಾಳೆಯನ್ನು ಊರವರ ಕಣ್ಣಿಗೆ ಬೀಳುವ ಹಾಗೆ ಪ್ರಕಟಣೆಯ ಹಲಗೆಗೆ ಅಂಟಿಸಬೇಕು. ರಜಾದಿನಗಳನ್ನು ಬಿಟ್ಟು ಹದಿನಾಲ್ಕು ದಿನಗಳ ಒಳಗಾಗಿ ಹತ್ತು ಮಂದಿ ಮತದಾರರು ಬರೆದು ಕೇಳಿದರೆ, ಆ ಒಂದು ಕುರ್ಚಿಗೆ ಚುನಾವಣೆ ನಡೆಸಲೇಬೇಕು.